ಕಾಣದ ಕಪ್ಪೆಯನ್ನು ಎಣಿಸೋದು ಹೇಗೆ?

"ಕತ್ತಲಲ್ಲಿ ಒಂದು ಕಪ್ಪೆಯೂ ಕಣ್ಣಿಗೆ ಬೀಳಲ್ಲ, ಮತ್ತೆ ಲೆಕ್ಕ ಯಾವುದರದ್ದು?" ಕಪ್ಪೆ ಸಮೀಕ್ಷೆಗೆ ಹೊಸದಾಗಿ ಬರುವವರು ಮೊದಲು ಕೇಳುವುದು ಇದನ್ನೇ. ಲೆಕ್ಕ ಕಪ್ಪೆಯದ್ದಲ್ಲ, ಕೂಗಿನದು. ಕೂಗುವುದು ಹೆಚ್ಚಾಗಿ ಗಂಡು, ಅದೂ ಮನಸ್ಸು ಬಂದಾಗ. ಹಾಗಾಗಿ ಈ ಕೆರೆಯಲ್ಲಿ ಇಷ್ಟು ಕಪ್ಪೆಗಳಿವೆ ಎಂದು ಯಾರಾದರೂ ಅಂಕಿ ಹೇಳಿದರೆ ನಂಬಬೇಡಿ.

ಹೊತ್ತು ಮುಳುಗಿ ಅರ್ಧ ಗಂಟೆ ಕಳೆದ ಮೇಲೆ ಗೊತ್ತುಮಾಡಿದ ಜಾಗಕ್ಕೆ ಹೋಗಿ, ಟಾರ್ಚ್ ಆರಿಸಿ, 2 ನಿಮಿಷ ಸುಮ್ಮನೆ ನಿಲ್ಲಿ. ಹೆಜ್ಜೆ ಸದ್ದಿಗೆ ಬಾಯಿ ಮುಚ್ಚಿದವು ಮತ್ತೆ ಶುರು ಮಾಡಲು ಅಷ್ಟು ಹೊತ್ತು ಬೇಕು. ಆಮೇಲೆ 5 ನಿಮಿಷ ಕೇಳಿ, ಪ್ರತಿ ಜಾತಿಗೂ ಒಂದು ಅಂಕಿ ಬರೆಯಿರಿ. ಕೂಗೇ ಇಲ್ಲದಿದ್ದರೆ 0. ಒಂದೊಂದೇ ಕೂಗು ಬಿಡಿಯಾಗಿ ಕೇಳಿದರೆ 1. ಒಂದರ ಮೇಲೊಂದು ಬಿದ್ದರೂ ಬೇರ್ಪಡಿಸಬಹುದಾದರೆ 2. ಎಲ್ಲ ಸೇರಿ ಒಂದೇ ಗದ್ದಲವಾದರೆ 3. ಜೋರಾಗಿದೆ ಎಂದು 3 ಹಾಕುವುದೇ ಹೊಸಬರ ಸಾಮಾನ್ಯ ತಪ್ಪು. ಬುಲ್‌ಫ್ರಾಗ್ ಎಂಬ ದೊಡ್ಡ ಕಪ್ಪೆ ಎರಡಿದ್ದರೆ ಸಾಕು ಏರಿ ಅದುರಿಸಲು, ಆದರೂ ಅದು 1.

ಕಿವಿ ಪಳಗಲು ಒಂದು ಮಳೆಗಾಲ ಬೇಕು. ಬಾಚಣಿಗೆಯ ಹಲ್ಲಿನ ಮೇಲೆ ಉಗುರೆಳೆದಂಥ ಸದ್ದು ಮೈಕ್ರೋಹೈಲಾ ಎಂಬ ಪುಟ್ಟ ಕಪ್ಪೆಯದ್ದು, ಹೆಬ್ಬೆರಳ ಉಗುರಿನಷ್ಟೇ ಇದ್ದರೂ ಗಂಟಲು ದೊಡ್ಡದು. ಟಕ್ ಟಕ್ ಎಂದು ಬಿಟ್ಟು ಬಿಟ್ಟು ಬಡಿದರೆ ಮರಗಪ್ಪೆ. ನೆಲಗಪ್ಪೆಯ ಕುರ್‌ರ್‌ರ್ ಉದ್ದಕ್ಕೆ ಎಳೆದು, ನಿಂತು, ಮತ್ತೆ ಶುರುವಾಗುತ್ತದೆ. ನಿಲ್ಲದೆ ಒಂದೇ ಸ್ವರದಲ್ಲಿ ಹೋಗುತ್ತಿದ್ದರೆ ಅದು ಕೀಟ ಇರಬಹುದು. ಅನುಮಾನವಿದ್ದರೆ ಮೊಬೈಲಿನಲ್ಲಿ 1 ನಿಮಿಷ ರೆಕಾರ್ಡ್ ಮಾಡಿ, ಮೂಲ ಫೈಲನ್ನೇ ಇಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜಾಗಿ ಕಳಿಸಿದ್ದರಲ್ಲಿ ಸದ್ದಿನ ಎಷ್ಟೋ ಭಾಗ ಕಳೆದುಹೋಗಿರುತ್ತದೆ.

ನಮ್ಮ ಬಯಲುಸೀಮೆಯ ತೊಡಕು ಮಳೆಯದು. ಬುಲ್‌ಫ್ರಾಗ್ ಗಂಡುಗಳು ಹಳದಿ ಬಣ್ಣ ತಳೆದು, ಕೆನ್ನೆಯ ನೀಲಿ ಚೀಲ ಉಬ್ಬಿಸಿ ಕೂಗುವುದು ಮೊದಲ ಜಡಿಮಳೆಯ ಒಂದೆರಡು ದಿನ, ಹಗಲಲ್ಲೂ. ಭಾನುವಾರ ಬಿಡುವೆಂದು ಅಲ್ಲಿಯವರೆಗೆ ಕಾದು ಹೋದರೆ ಹೊಂಡ ಸುಮ್ಮನಿರುತ್ತದೆ. ಕೃತ್ತಿಕೆ, ರೋಹಿಣಿ ಮಳೆ ಬಿದ್ದ ರಾತ್ರಿಯೇ ಹೊರಡಬೇಕು. ಚಿತ್ರದುರ್ಗ, ಹಿರಿಯೂರು ಕಡೆ ಉತ್ತರೆ, ಹಸ್ತ, ಚಿತ್ತೆಯನ್ನೂ ಬಿಡಬಾರದು, ಅಲ್ಲಿ ಗೋಕಟ್ಟೆ ತುಂಬುವುದೇ ಎಷ್ಟೋ ವರ್ಷ ಆಗ.

ದಾವಣಗೆರೆ, ಹರಿಹರದ ಗದ್ದೆ ಬಯಲಿನ ಲೆಕ್ಕವೇ ಬೇರೆ. ಭದ್ರಾ ನಾಲೆಗೆ ನೀರು ಬಿಟ್ಟರೆ ಬೇಸಿಗೆ ಬೆಳೆಯಲ್ಲೂ ಗದ್ದೆಗಪ್ಪೆ ಕೂಗುತ್ತದೆ. ನಾಲೆ ಜಾಗ, ಮಳೆಯಾಶ್ರಿತ ಜಾಗ ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಬರಗಾಲದಲ್ಲೂ ಕಪ್ಪೆ ಹೆಚ್ಚಾದಂತೆ ಕಾಣುತ್ತದೆ! ಪ್ರತಿ ಜಾಗದ ಮುಂದೆ ನೀರಿನ ಮೂಲ, ಹಿಂದಿನ 24 ಗಂಟೆಯ ಮಳೆ, ಗಾಳಿ ಬರೆಯಿರಿ. ಎಲೆಗಳು ಸದ್ದು ಮಾಡುವಷ್ಟು ಗಾಳಿಯಿದ್ದರೆ ವಾಪಸ್ ಬನ್ನಿ.

0 ಬಂದ ರಾತ್ರಿಯ ಹಾಳೆಯನ್ನು ಅನೇಕರು ಕೊಡುವುದೇ ಇಲ್ಲ, ಏನೂ ಸಿಗಲಿಲ್ಲವಲ್ಲ ಎಂದು. ನನಗೆ ಬೇಕಾದದ್ದು ಅದೇ. ಅದು ಇಲ್ಲದಿದ್ದರೆ ಕೂಗು ನಿಂತಿದ್ದೋ, ಯಾರೂ ಹೋಗಿರಲಿಲ್ಲವೋ ಎನ್ನುವುದು ಮುಂದೆ ತಿಳಿಯುವುದಿಲ್ಲ.

ಕೂಗಿದ್ದೆಲ್ಲ ಮರಿಯಾಗುವುದೂ ಇಲ್ಲ. ವಾರ ಬಿಟ್ಟು ಹಗಲಲ್ಲಿ ಹೋಗಿ: ಕಪ್ಪು ಮಣಿ ಪೋಣಿಸಿದ ಲೋಳೆಸರ ನೆಲಗಪ್ಪೆಯ ಮೊಟ್ಟೆ, ನೀರಿನ ಮೇಲಂಚಿಗೆ ಅಂಟಿದ ನೊರೆಮುದ್ದೆ ಮರಗಪ್ಪೆಯದು. ಹೂಳೆತ್ತುವಾಗ ಜೆಸಿಬಿ ಕೆರೆಯಂಚನ್ನು ನೆಟ್ಟಗೆ ಕಡಿದರೆ ಮೊಟ್ಟೆಗೆ ಬೇಕಾದ ಗೇಣಾಳದ ನೀರೇ ಉಳಿಯುವುದಿಲ್ಲ. ಕೂಗು 3, ಗೊದಮೊಟ್ಟೆ ಇಲ್ಲ ಎಂದರೆ ಮೊದಲು ಅಂಚು ನೋಡಿ. ಕೆಲಸ ಶುರುವಾಗುವ ಮುಂಚೆಯೇ ಪಂಚಾಯಿತಿಗೆ ಈ ಹಾಳೆ ಕೊಟ್ಟರೆ, ಒಂದು ಬದಿಯನ್ನಾದರೂ ಇಳಿಜಾರಾಗಿ ಬಿಡಿ ಎಂದು ಕೇಳಬಹುದು.

ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ ಇನ್ನೊಂದು ಬಲೆ. ಬಿದ್ದ ನೆಲಗಪ್ಪೆ ಜಾರುವ ಗೋಡೆ ಹತ್ತಲಾರದೆ ಸಾಯುತ್ತದೆ. ಪ್ರತಿ ಮೂಲೆಗೂ ದಡದಿಂದ ನೀರಿನವರೆಗೆ ಗೋಣಿತಾಟು ಇಳಿಬಿಟ್ಟು ಮೇಲೆ ಕಲ್ಲಿಡಿ.

ಇಬ್ಬರಿಲ್ಲದೆ, ಗಮ್‌ಬೂಟ್ ಇಲ್ಲದೆ ಹೋಗಬೇಡಿ, ಏರಿ ಮೇಲೆ ಕೊಳಕುಮಂಡಲ ಇರುತ್ತದೆ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬೂಟಿನ ಕೆಸರು ಉಜ್ಜಿ ತೊಳೆದು ಬಿಸಿಲಲ್ಲಿ ಒಣಗಿಸಿ, ಕಪ್ಪೆಯ ಚರ್ಮರೋಗದ ಶಿಲೀಂಧ್ರ ಒದ್ದೆ ಮಣ್ಣಿನಲ್ಲೂ ಸಾಗುತ್ತದೆ. ಸೊಳ್ಳೆಯ ಕ್ರೀಮ್ ಹಚ್ಚಿದ ಕೈಯಲ್ಲಂತೂ ಕಪ್ಪೆ ಮುಟ್ಟಲೇಬೇಡಿ.