ಉಳಿಸು, ಅಳಿಸು ಮತ್ತು ಒಂದು ಬಟನ್ನಿನ ಬಣ್ಣ

ಉಳಿಸು. ಅಳಿಸು. ಈ ಎರಡು ಪದಗಳನ್ನು ಸ್ವಲ್ಪ ದೂರದಿಂದ ನೋಡಿ. ಮೊದಲ ಅಕ್ಷರ ಬಿಟ್ಟರೆ ಮಿಕ್ಕದ್ದೆಲ್ಲ ಒಂದೇ, ಅಲ್ವಾ? ಸೇವ್, ಡಿಲೀಟ್ ಎಂದು ಇಂಗ್ಲಿಷಿನಲ್ಲಿ ಬರೆದರೆ ಈ ತೊಂದರೆ ಇಲ್ಲ. ಉದ್ದವೇ ಬೇರೆ, ಆಕಾರವೇ ಬೇರೆ.

ಒಂದು ಹಳ್ಳಿಯ ಹಾಲಿನ ಡೇರಿಗೆ ಚಿಕ್ಕದೊಂದು ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಹಾಲು ಬರುತ್ತದೆ. ಸದಸ್ಯರ ನಂಬರ್, ಲೀಟರ್, ಫ್ಯಾಟ್ ಹಾಕಿ ಉಳಿಸಬೇಕು, ಅಷ್ಟೇ. ಕ್ಯಾನ್ ಹಿಡಿದು ಜನ ಸಾಲಾಗಿ ನಿಂತಿರುವಾಗ ಬಟನ್ ಮೇಲೆ ಏನು ಬರೆದಿದೆ ಎಂದು ಯಾರೂ ಓದುತ್ತಾ ಕೂರುವುದಿಲ್ಲ, ಅಂದಾಜಿನ ಮೇಲೆ ಒತ್ತುತ್ತಾರೆ. ಹಾಗೆ ಒಂದು ಬೆಳಿಗ್ಗೆ, ಅಕ್ಕಪಕ್ಕದಲ್ಲಿದ್ದ ಎರಡು ಬೂದು ಬಟನ್‌ಗಳಲ್ಲಿ ತಪ್ಪಿದ್ದನ್ನು ಒತ್ತಿ ಒಬ್ಬರ ಹಾಲಿನ ಲೆಕ್ಕ ಹೋಯಿತು. ಅಳಿಸಲೇ ಎಂದು ಪ್ರೋಗ್ರಾಂ ಕೇಳಿತ್ತು. ಆದರೆ ಮೆಸೇಜ್ ಬಾಕ್ಸ್ ವಿಂಡೋಸ್‌ನದು, ಅದರ ಬಟನ್‌ಗಳು ವಿಂಡೋಸ್ ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲೇ ಬರುತ್ತವೆ. ಪ್ರಶ್ನೆ ಕನ್ನಡದಲ್ಲಿ, ಉತ್ತರ ಯೆಸ್ ಮತ್ತು ನೋ. ಲೆಕ್ಕ ಹಾಕುತ್ತಿದ್ದವರು ಯೆಸ್ ಒತ್ತಿದರು. ಪುಸ್ತಕದಲ್ಲೂ ಬರೆದಿದ್ದರಿಂದ ಲೆಕ್ಕ ಸಿಕ್ಕಿತು.

ಸಂಜೆ ಕಾರ್ಯದರ್ಶಿಯವರು ಫೋನ್ ಮಾಡಿದರು. "ಸರ್, ಆ ಎರಡು ಬಟನ್ನಿಗೆ ಬೇರೆ ಬೇರೆ ಬಣ್ಣ ಹಾಕಿಕೊಡಿ."

ಬಣ್ಣ ತಾನೇ, ಐದು ನಿಮಿಷದ ಕೆಲಸ ಎಂದುಕೊಂಡೆ. ಪ್ರೋಗ್ರಾಂ ಇರುವುದು ಡಬ್ಲ್ಯುಪಿಎಫ್‌ನಲ್ಲಿ, ಅಂದರೆ ವಿಂಡೋಸ್ ಪ್ರೋಗ್ರಾಂಗಳ ಪರದೆ ಕಟ್ಟಲು ಮೈಕ್ರೋಸಾಫ್ಟ್ ಕೊಟ್ಟ ಸಲಕರಣೆಯಲ್ಲಿ. ಬ್ಯಾಕ್‌ಗ್ರೌಂಡ್ ಹಸಿರು ಎಂದು ಬರೆದೆ, ಬಟನ್ ಹಸಿರಾಯಿತು. ಮೌಸ್ ಅದರ ಮೇಲೆ ತಂದೆ, ತಿಳಿ ನೀಲಿಯಾಯಿತು! ಸರಿ, ಮೌಸ್ ಬಂದಾಗ ಕಡು ಹಸಿರಾಗು ಎಂದು ಸ್ಟೈಲಿನಲ್ಲಿ (ಬಟನ್ ರೂಪದ ನಿಯಮಗಳ ಪಟ್ಟಿ) ಟ್ರಿಗರ್ ಹಾಕಿದೆ, ಅಂದರೆ ಹೀಗಾದಾಗ ಹೀಗೆ ಮಾಡು ಎಂಬ ನಿಯಮ. ಆಗಲೂ ನೀಲಿಯೇ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇದು ಅರ್ಥವಾದರೆ ಮಿಕ್ಕದ್ದೆಲ್ಲ ಸುಲಭ. 2006ರಲ್ಲಿ ಮೈಕ್ರೋಸಾಫ್ಟಿನ ಪ್ರೋಗ್ರಾಮಿಂಗ್ ವೇದಿಕೆ ಡಾಟ್‌ನೆಟ್ 3.0 ಜೊತೆ ಬಂದ ಡಬ್ಲ್ಯುಪಿಎಫ್‌ನಲ್ಲಿ ಬಟನ್ ಎಂದರೆ ಒಂದು ನಡವಳಿಕೆ ಮಾತ್ರ: ಒತ್ತಬಹುದು, ಒತ್ತಿದರೆ ಕ್ಲಿಕ್ ಆಗುತ್ತದೆ. ಅದಕ್ಕೆ ಸ್ವಂತ ಮುಖವಿಲ್ಲ. ಮುಖ ಕೊಡುವುದು ಕಂಟ್ರೋಲ್ ಟೆಂಪ್ಲೇಟ್, ಅಂದರೆ ಹೇಗೆ ಕಾಣಬೇಕು ಎಂಬುದರ ಅಚ್ಚು. ಜೊತೆಗೇ ಬರುವ ಟೆಂಪ್ಲೇಟ್ ಒಳಗೆ ಒಂದು ಬಾರ್ಡರ್ (ಅಂಚು, ಒಳಬಣ್ಣ ಇರುವ ಚೌಕಟ್ಟು) ಇದೆ, ಮೌಸ್ ಬಂದಾಗ ಅಲ್ಲಿನ ಟ್ರಿಗರ್ ಆ ಬಾರ್ಡರನ್ನೇ ಹೆಸರು ಹಿಡಿದು ನೀಲಿ ಮಾಡುತ್ತದೆ. ನಾನು ಹೊರಗಿನಿಂದ ಬಟನ್ನಿಗೆ ಬಣ್ಣ ಬಳಿಯುತ್ತಿದ್ದೆ, ಕಾಣುತ್ತಿದ್ದದ್ದು ಒಳಗಿನ ಬಾರ್ಡರ್. ಇನ್ನೊಂದು ತಪ್ಪೂ ಇತ್ತು. ಬಟನ್ ಟ್ಯಾಗಿನಲ್ಲೇ (ಬಟನ್ ಇಡಲು ಬರೆಯುವ ಸಾಲು) ನೇರವಾಗಿ ಬರೆದ ಬಣ್ಣದ ಮುಂದೆ ಸ್ಟೈಲಿನ ಟ್ರಿಗರ್ ಸೋಲುತ್ತದೆ, ಹಾಗಾಗಿ ಮೊದಲ ಬಣ್ಣವನ್ನೂ ಸ್ಟೈಲಿನಲ್ಲೇ ಇಡಬೇಕು.

ಹಾಗಾಗಿ ಟೆಂಪ್ಲೇಟನ್ನೇ ಹೊಸದಾಗಿ ಬರೆದೆ. ಒಂದು ಬಾರ್ಡರ್, ಒಳಗೆ ಒಂದು ಕಂಟೆಂಟ್ ಪ್ರೆಸೆಂಟರ್. ಈ ಪ್ರೆಸೆಂಟರ್ ಮರೆತರೆ ಬಟನ್ ಇರುತ್ತದೆ, ಮೇಲಿನ ಅಕ್ಷರ ಮಾತ್ರ ಇರುವುದಿಲ್ಲ. ಅಳಿಸುವ ಬಟನ್ನಿಗೆ ಬಣ್ಣ ತುಂಬದೆ ಬರೀ ಕೆಂಪು ಅಂಚು ಕೊಟ್ಟೆ. ಆಗ ಇನ್ನೊಂದು ಗೊತ್ತಾಯಿತು: ಬ್ಯಾಕ್‌ಗ್ರೌಂಡ್ ಏನೂ ಕೊಡದಿದ್ದರೆ ಖಾಲಿ ಜಾಗದಲ್ಲಿ ಒತ್ತಿದ್ದು ಬಟನ್ನಿಗೆ ತಲುಪುವುದೇ ಇಲ್ಲ. ಟ್ರಾನ್ಸ್‌ಪರೆಂಟ್ ಎಂದು ಬರೆದರೆ ನೋಡಲು ಹಾಗೇ ಇರುತ್ತದೆ, ಕ್ಲಿಕ್ ತಲುಪುತ್ತದೆ. ಮೌಸ್ ಬಂದಾಗ, ಒತ್ತಿದಾಗ, ನಿಷ್ಕ್ರಿಯವಾದಾಗ ಹೇಗೆ ಕಾಣಬೇಕು ಎಂಬುದನ್ನೂ ಈಗ ನಾವೇ ಬರೆಯಬೇಕು. ಡೇರಿಯಲ್ಲಿ ಮೌಸ್‌ಗಿಂತ ಟ್ಯಾಬ್ ಕೀ ಬಳಕೆಯೇ ಜಾಸ್ತಿ, ಅದಕ್ಕೆ ಕೀಬೋರ್ಡ್ ಫೋಕಸ್ ಬಂದಾಗ ದಪ್ಪ ಕಪ್ಪು ಅಂಚು ಬರುವ ಹಾಗೆ ಮಾಡಿದೆ.

ಬಣ್ಣಕ್ಕಿಂತ ನನ್ನನ್ನು ಜಾಸ್ತಿ ಕಾಡಿದ್ದು ಎತ್ತರ. ಡಬ್ಲ್ಯುಪಿಎಫ್‌ಗಿಂತ ಹಳೆಯದಾದ ವಿನ್‌ಫಾರ್ಮ್ಸ್‌ನಲ್ಲಿ ಹೊಸ ಬಟನ್ ಇಟ್ಟರೆ 75 ಪಿಕ್ಸೆಲ್ ಅಗಲ, 23 ಪಿಕ್ಸೆಲ್ ಎತ್ತರ ಇರುತ್ತದೆ. ಆ ಅಭ್ಯಾಸದಲ್ಲಿ ಇಲ್ಲೂ ಎತ್ತರ 23 ಎಂದೇ ಬರೆದಿದ್ದೆ. ಕಾರ್ಯದರ್ಶಿಯವರಿಗೆ ಕಾಣಲಿ ಎಂದು ಅಕ್ಷರ ದೊಡ್ಡದು ಮಾಡಿದಾಗ ಒತ್ತಕ್ಷರಗಳ ಕಾಲು ಕತ್ತರಿಸಿಹೋಯಿತು. ಪಟ್ಟಿ ಹೋಗಿ ಪಟಿ, ಮುದ್ರಿಸು ಹೋಗಿ ಮುದಿಸು. ಕನ್ನಡ ಕೆಳಕ್ಕೆ ಬೆಳೆಯುವ ಲಿಪಿ, ಅದಕ್ಕೆ ಜಾಗ ಬೇಕು. ದಯವಿಟ್ಟು ಎತ್ತರವನ್ನು ಒಂದೇ ಅಳತೆಗೆ ಕಟ್ಟಿಹಾಕಬೇಡಿ. ಕನಿಷ್ಠ ಎತ್ತರ ಮತ್ತು ಪ್ಯಾಡಿಂಗ್ (ಅಕ್ಷರದ ಸುತ್ತಲಿನ ಖಾಲಿ ಜಾಗ) ಕೊಡಿ, ಬಟನ್ ತಾನೇ ಬೆಳೆಯುತ್ತದೆ. ಫಾಂಟನ್ನೂ ಹೇಳಿಬಿಡಿ. ವಿಂಡೋಸ್‌ನ ಮಾಮೂಲಿ ಫಾಂಟ್ ಸೆಗೋ ಯುಐನಲ್ಲಿ ಕನ್ನಡ ಅಕ್ಷರಗಳೇ ಇಲ್ಲ, ಆಗ ಸಿಸ್ಟಂ ತನಗೆ ಸಿಕ್ಕಿದ ಬೇರೆ ಫಾಂಟ್ ಎಳೆದುಕೊಂಡು ಬರುತ್ತದೆ. ನಾನು ನಿರ್ಮಲಾ ಯುಐ ಎಂದು ಬರೆದಿದ್ದೇನೆ, ವಿಂಡೋಸ್ 8ರಿಂದ ಅದು ಜೊತೆಗೇ ಬರುತ್ತದೆ.

ಕೆಂಪು ಹಸಿರು ಬೇರೆಬೇರೆಯಾಗಿ ಕಾಣದವರೂ ಇರುತ್ತಾರೆ, ಸುಮ್ನೆ ಬಣ್ಣ ನಂಬಿಕೊಂಡರೆ ಆಗುವುದಿಲ್ಲ. ಈಗ ಉಳಿಸು ದೊಡ್ಡದು, ತುಂಬು ಹಸಿರು, ಬಲಗಡೆ. ಇನ್ನೊಂದು ಚಿಕ್ಕದು, ಬರೀ ಅಂಚಿನದು, ಎಡಗಡೆ ದೂರದಲ್ಲಿ. ಅದರ ಮೇಲಿನ ಪದವನ್ನೂ ಬದಲಿಸಿದೆ: ತೆಗೆದುಹಾಕು. ಮೆಸೇಜ್ ಬಾಕ್ಸ್ ಜಾಗದಲ್ಲಿ ನನ್ನದೇ ಚಿಕ್ಕ ಕಿಟಕಿ ಬರುತ್ತದೆ. ಅದರಲ್ಲಿ "ಹೌದು, ತೆಗೆದುಹಾಕು" ಮತ್ತು "ಬೇಡ" ಇವೆ. ಅವಸರದಲ್ಲಿ ಎಂಟರ್ ಒತ್ತಿದರೆ "ಬೇಡ" ಆಗುತ್ತದೆ.

ಕಾರ್ಯದರ್ಶಿಯವರು ಈಗ ಲೀಟರ್ ಹಾಕುವ ಬಾಕ್ಸ್ ಕೂಡ ದೊಡ್ಡದು ಮಾಡಿಕೊಡಿ ಎಂದಿದ್ದಾರೆ. ಟೆಕ್ಸ್ಟ್ ಬಾಕ್ಸ್ ಟೆಂಪ್ಲೇಟ್ ಈ ಭಾನುವಾರದ ಕೆಲಸ.