ಚರ್ಚಿನವರಿಗೆ ಇದರಿಂದೇನು ಲಾಭ?

ನಾನು ಕೆನಡಾದ ಕಿಚನರ್ ನಗರದಲ್ಲಿ ಮೆನೊನೈಟ್ ಪಂಥದ ಚರ್ಚೊಂದರ ಜೊತೆ ಸೇರಿ, ನಿರಾಶ್ರಿತ ಕುಟುಂಬಗಳನ್ನು ಕರೆಸಿ ನೆಲೆಗೊಳಿಸುವ ಕೆಲಸ ಮಾಡುತ್ತೇನೆ. ನಾನು ಕ್ರೈಸ್ತಳಲ್ಲ. ಈ ಎರಡೂ ಸಂಗತಿ ತಿಳಿದ ಕನ್ನಡಿಗರು ಕೇಳುವ ಪ್ರಶ್ನೆ ಒಂದೇ: “ಅವರು ಮತಾಂತರಕ್ಕೆ ತಾನೇ ಕರೆಸುವುದು? ನೀವೇಕೆ ಅದಕ್ಕೆ ಕೈಜೋಡಿಸುತ್ತೀರಿ?”

ಅಲ್ಲ, ಅದಕ್ಕಲ್ಲ. ಇಷ್ಟು ಹೇಳಿದರೆ ಯಾರಿಗೂ ಸಾಲುವುದಿಲ್ಲ. ಯುಗಾದಿಯ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, “ಅನ್ನ ಹಾಕಿ ಕೈಗೊಂದು ಬೈಬಲ್ ಕೊಡುತ್ತಾರಂತೆ” ಎಂದರು. ಯಾರು ಹೇಳಿದರು ಎಂದೆ. “ಎಲ್ಲರಿಗೂ ಗೊತ್ತಿರುವುದೇ” ಎಂದರು. ನಿರಾಶ್ರಿತರ ಮನೆಯ ಹೊಸ್ತಿಲು ದಾಟಿದವಳು ಆ ಪಂಕ್ತಿಯಲ್ಲಿ ನಾನೊಬ್ಬಳೇ ಇದ್ದೆ. ಅಲ್ಲಿ ಏನು ನಡೆಯುತ್ತದೆ ಎಂದು ನನ್ನನ್ನು ಒಬ್ಬರೂ ಕೇಳಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ನಡೆದದ್ದು ಇಷ್ಟು. ನಾವು ಕರೆಸಿದ ಸಿರಿಯಾದ ಕುಟುಂಬ ಮುಸ್ಲಿಮರದು. ಅವರು ಬಂದಿಳಿಯುವ ಮೊದಲೇ ಹಲಾಲ್ ಮಾಂಸದ ಅಂಗಡಿ ಎಲ್ಲಿದೆ, ಮಸೀದಿಗೆ ಯಾವ ಬಸ್ ಹೋಗುತ್ತದೆ ಎಂದು ವಿಚಾರಿಸಿ ಬರೆದಿಟ್ಟವರು ಚರ್ಚಿನ ವಯಸ್ಸಾದ ಹೆಂಗಸರು. ಆ ಮನೆಗೆ ಯಾವ ಅಕ್ಕಿ ತರಬೇಕೆಂದು ಅವರಲ್ಲಿ ಇಬ್ಬರು ಜಗಳವಾಡಿ ಮಾತು ಬಿಟ್ಟರು. ಕೊನೆಗೆ ಎರಡು ಬಗೆಯ ಅಕ್ಕಿಯೂ ಬಂತು. ಬೈಬಲಿನ ಸುದ್ದಿ ಯಾವ ಸಭೆಯಲ್ಲೂ ಬರಲಿಲ್ಲ. ಬಾಡಿಗೆ, ಆರೋಗ್ಯ ಕಾರ್ಡು, ಮಕ್ಕಳ ಶಾಲೆ, ಹಲ್ಲಿನ ವೈದ್ಯರು, ಹಿಮಕ್ಕೆ ಬೂಟು, ಇವುಗಳಲ್ಲೇ ನಮ್ಮ ಸಂಜೆಗಳು ಮುಗಿದುಹೋಗುತ್ತಿದ್ದವು.

ಹಾಗಾದರೆ ಅವರೇಕೆ ಮಾಡುತ್ತಾರೆ? ಹೀಗೆ ಕೇಳಿದ್ದರೆ ಸಂತೋಷದಿಂದ ಹೇಳುತ್ತಿದ್ದೆ. ಮೆನೊನೈಟರು ತಾವೇ ಓಡಿ ಬಂದವರು. ರಷ್ಯಾದ ಕ್ರಾಂತಿ, ಅಂತರ್ಯುದ್ಧ, ಕ್ಷಾಮಗಳಲ್ಲಿ ಮನೆಮಠ ಕಳೆದುಕೊಂಡು 1920ರ ದಶಕದಲ್ಲಿ ಸುಮಾರು 20,000 ಮಂದಿ ಇಲ್ಲಿಗೆ ಬಂದರು. ಪ್ರಯಾಣಕ್ಕೆ ಕಾಸಿಲ್ಲದ ಬಹಳಷ್ಟು ಮಂದಿಯನ್ನು ಕೆನಡಿಯನ್ ಪೆಸಿಫಿಕ್ ರೈಲ್ವೆ ಸಾಲದ ಮೇಲೆ ಕರೆತಂದಿತು. ಆ ಸಾಲ ಪೂರ್ತಿ ತೀರಿದ್ದು 1946ರಲ್ಲಿ. ಐಗುಪ್ತದಲ್ಲಿ ನೀವೂ ಪರದೇಶಿಗಳಾಗಿದ್ದಿರಿ, ಆದ್ದರಿಂದ ಪರದೇಶಿಯನ್ನು ನಿಮ್ಮವನಂತೆ ಕಾಣಿರಿ ಎಂದು ಯಾಜಕಕಾಂಡ ಹೇಳುವುದು ಅವರಿಗೆ ಸ್ವಂತ ಮನೆಯ ಕಥೆ. 1979ರ ಮಾರ್ಚಿನಲ್ಲಿ, ನಿರಾಶ್ರಿತರನ್ನು ನಾವೇ ನೋಡಿಕೊಳ್ಳುತ್ತೇವೆ ಎಂದು ಸರ್ಕಾರದೊಂದಿಗೆ ಮೊದಲ ಒಪ್ಪಂದ ಮಾಡಿಕೊಂಡದ್ದು ಅವರ ಸೇವಾಸಂಸ್ಥೆಯೇ. ಆ ವರ್ಷ ಮತ್ತು ಮರುವರ್ಷ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಿಂದ ಬಂದ 60,000 ಜನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಹೊಣೆ ಹೊತ್ತವರು ಇಂಥ ಚರ್ಚುಗಳು ಮತ್ತು ನೆರೆಹೊರೆಯ ಗುಂಪುಗಳು.

ಇನ್ನೊಂದನ್ನೂ ಆ ಹಿರಿಯರಿಗೆ ಹೇಳಬೇಕಿತ್ತು. ಆಶ್ರಯ ಕೋರಿ ಬಂದವರ ಮಾತನ್ನು ಎದುರು ಕೂರಿಸಿಕೊಂಡು ಕೇಳದೆ ಅವರನ್ನು ತಿರಸ್ಕರಿಸುವಂತಿಲ್ಲ ಎಂದು ಕೆನಡಾದ ಸುಪ್ರೀಂ ಕೋರ್ಟ್ 1985ರ ಏಪ್ರಿಲ್ 4ರಂದು ಹೇಳಿತು. ಅರ್ಜಿದಾರರಲ್ಲಿ ಹೆಚ್ಚಿನವರು ಭಾರತದಿಂದ ಬಂದ ಸಿಖ್ಖರು. ಆ ಮೊಕದ್ದಮೆಯಲ್ಲಿ ಸಿಖ್ ಸಂಘಗಳ ಒಕ್ಕೂಟದ ಜೊತೆಗೆ ಮಧ್ಯಪ್ರವೇಶ ಮಾಡಿದ್ದು ಕೆನಡಾದ ಚರ್ಚುಗಳ ಪರಿಷತ್ತು. ಸಿಖ್ಖರು ಸಿಖ್ಖರಾಗಿಯೇ ಉಳಿದರು.

ನಾನೇಕೆ ಎಂದರೆ, ನಾನು ಪಿರಿಯಾಪಟ್ಟಣ ತಾಲ್ಲೂಕಿನವಳು. 1960ರ ಸುಮಾರಿಗೆ ಮೈಸೂರು ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಸುಮಾರು 3,000 ಎಕರೆ ಕೊಟ್ಟಿತು. ಅವರ ಮುಸುಕಿನ ಜೋಳದ ಹೊಲಗಳನ್ನು ನೋಡುತ್ತಲೇ ಬೆಳೆದೆ. ಬೌದ್ಧರಾಗಿ ಎಂದು ಅವರು ನಮಗೆ ಹೇಳಲಿಲ್ಲ, ಹಿಂದೂಗಳಾಗಿ ಎಂದು ನಾವು ಅವರಿಗೆ ಹೇಳಲಿಲ್ಲ.

ನಿಜವಾಗಿ ಕೇಳಬೇಕಾದದ್ದು ಹದಿಮೂರನೆಯ ತಿಂಗಳ ಬಗ್ಗೆ. ಈ ಕೆಲಸದಲ್ಲಿರುವವರೆಲ್ಲ ಭಯದಿಂದ ಆಡುವ ಮಾತು ಅದು. ಕುಟುಂಬದ ಖರ್ಚನ್ನು ನೋಡಿಕೊಳ್ಳುವ ನಮ್ಮ ಒಪ್ಪಂದ ಸಾಮಾನ್ಯವಾಗಿ ಹನ್ನೆರಡು ತಿಂಗಳದ್ದು. ನಮ್ಮ ಹಣ ನಿಲ್ಲುವ ಹೊತ್ತಿಗೇ ಸರ್ಕಾರ ಕೊಟ್ಟ ವಿಮಾನ ಪ್ರಯಾಣದ ಸಾಲದ ಕಂತು ಶುರುವಾಗುತ್ತದೆ. ಹೌದು, ನಿರಾಶ್ರಿತರು ತಮ್ಮ ಟಿಕೆಟಿನ ಹಣವನ್ನು ತಾವೇ ತೀರಿಸುತ್ತಾರೆ. 2018ರಿಂದ ಬಡ್ಡಿ ಇಲ್ಲ ಎಂಬುದಷ್ಟೇ ಸಮಾಧಾನ. ಊರಿನಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದವನು ಇಲ್ಲಿ ರಾತ್ರಿಪಾಳಿಯಲ್ಲಿ ಪೆಟ್ಟಿಗೆ ಎತ್ತುತ್ತಾನೆ. ಇಂಗ್ಲಿಷ್ ತರಗತಿಗೆ ಹೋದರೆ ಸಂಬಳ ಇಲ್ಲ, ಕೆಲಸಕ್ಕೆ ಹೋದರೆ ಇಂಗ್ಲಿಷ್ ಬರುವುದಿಲ್ಲ. ಆಗ ಕಾಗದದ ಮೇಲೆ ಯಾವ ಹೊಣೆಯೂ ಇಲ್ಲದಿದ್ದರೂ ಬಾಗಿಲು ತಟ್ಟುವವರು ಅದೇ ಅಕ್ಕಿಯ ಜಗಳದ ಹೆಂಗಸರು.

2024ರ ನವೆಂಬರ್ 29ರಂದು ಕೆನಡಾ ಸರ್ಕಾರ, ನಿರಾಶ್ರಿತರನ್ನು ಕರೆಸಲು ಐವರು ನಾಗರಿಕರು ಅಥವಾ ಕಾಯಂ ನಿವಾಸಿಗಳು ಕೂಡಿ ಹಾಕುವ ಹೊಸ ಅರ್ಜಿಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಬಾಕಿ ಬಿದ್ದ ಅರ್ಜಿಗಳು ಹೆಚ್ಚಾದವು ಎಂಬುದು ಕಾರಣ. ಅರ್ಜಿ ವಿಲೇವಾರಿ ಮಾಡುವ ಬದಲು ಬಾಗಿಲು ಹಾಕುವುದು ಅನ್ಯಾಯ ಎಂದು ನಮ್ಮ ಗುಂಪು ಸಂಸದರಿಗೆ ಪತ್ರ ಬರೆದಿದೆ. ನಾನೂ ಸಹಿ ಹಾಕಿದ್ದೇನೆ.

ಮೊದಲೇ ಅನುಮತಿ ಸಿಕ್ಕ ಕುಟುಂಬವೊಂದು ಮುಂದಿನ ತಿಂಗಳು ಬರುತ್ತಿದೆ. ಮೂರು ಕೋಣೆಯ ಬಾಡಿಗೆ ಮನೆ ಬೇಕು. ಅಜ್ಜಿಗೆ ಮಂಡಿನೋವು, ಆದ್ದರಿಂದ ನೆಲಮಹಡಿಯೇ ಆಗಬೇಕು. ಕಿಚನರ್ ಅಥವಾ ವಾಟರ್ಲೂನಲ್ಲಿ ಅಂಥ ಮನೆ ಗೊತ್ತಿದ್ದವರು ತಿಳಿಸಿ.