ಮುಖ ನೋಡಬೇಡಿ, ಬಿಲ್ ನೋಡಿ

ದಾವಣಗೆರೆಯ ಒಂದು ಬಾರ್ ಅಂಡ್ ರೆಸ್ಟೋರೆಂಟ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಮೊದಲು ಟೇಬಲ್ ಒರೆಸುತ್ತಿದ್ದೆ, ಆಮೇಲೆ ಸಪ್ಲೈಯರ್ ಆದೆ, ಈಗ ಕ್ಯಾಪ್ಟನ್. ಯಾರಿಗೆ ಎಷ್ಟು ಏರಿದೆ ಅಂತ ಮುಖ ನೋಡಿಯೇ ಹೇಳುತ್ತೇನೆ ಅನ್ನೋ ಜಂಬ ನನಗಿತ್ತು. ಅದನ್ನು ಇಳಿಸಿದ್ದು ಮೂಲೆ ಟೇಬಲ್ಲಿನ ಒಬ್ಬ ಹಿರಿಯರು.

ಎಪಿಎಂಸಿಗೆ ಮೆಕ್ಕೆಜೋಳ ತಂದ ದಿನ ನಮ್ಮಲ್ಲಿಗೆ ಬರುತ್ತಿದ್ದರು. ಒಂದು ಅರವತ್ತು ಎಂಎಲ್ ವಿಸ್ಕಿ, ಒಂದು ಸೋಡಾ, ಒಂದು ಪ್ಲೇಟ್ ಶೇಂಗಾ. ಮಾತು ಕಡಿಮೆ. ಅವತ್ತು ನೋಡಿದರೆ ತಲೆ ಟೇಬಲ್ ಮೇಲೆ ಇಟ್ಟಿದ್ದಾರೆ, ನಾಲಿಗೆ ತೊದಲುತ್ತಿದೆ. ಪಕ್ಕದ ಟೇಬಲ್‌ನವರು ನಕ್ಕರು. ‘ಕಾಕಾಗೆ ಇವತ್ತು ಟೈಟ್ ಆಗೇತಿ, ಬಿಡಣ್ಣಾ, ಮಲಗ್ಲಿ’ ಅಂದರು. ನಾನೂ ಬಿಟ್ಟೆ. ಕಾಲು ಗಂಟೆ ಆ ಕಡೆ ತಿರುಗಿಯೂ ನೋಡಲಿಲ್ಲ.

ಕ್ಯಾಶ್ ಕೌಂಟರಿನ ಹುಡುಗ ನನ್ನನ್ನು ಕರೆದ. ‘ಅಣ್ಣಾ, ಆ ಟೇಬಲ್ ಬಿಲ್‌ನಾಗೆ ಬರೀ ಅರವತ್ತೈತಿ. ಶೇಂಗಾನೂ ಇಲ್ಲ. ಅಷ್ಟಕ್ಕೆ ಹೆಂಗ್ ಬಿದ್ರು?’

ಹೋಗಿ ಮುಟ್ಟಿದೆ. ಫ್ಯಾನ್ ಕೆಳಗೇ ಕೂತಿದ್ದರೂ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಕೈ ತಣ್ಣಗೆ, ನಡುಕ. ಜೇಬಿನಲ್ಲಿ ಸಕ್ಕರೆ ಕಾಯಿಲೆ ಮಾತ್ರೆಯ ಪಟ್ಟಿ. ಕರೆದರೆ ‘ಹ್ಞೂಂ’ ಅನ್ನುತ್ತಿದ್ದರು, ಗುಟುಕು ನುಂಗುವ ಹಾಗಿದ್ದರು. ಅಡುಗೆಮನೆಯಿಂದ ನಾಲ್ಕು ಚಮಚ ಸಕ್ಕರೆ ಕಲಸಿದ ನೀರು ತರಿಸಿ ಕುಡಿಸಿದೆವು. ಹತ್ತು ಹದಿನೈದು ನಿಮಿಷಕ್ಕೆ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, ‘ನನ್ನ ಚೀಲ ಎಲ್ಲೈತಪ್ಪಾ?’ ಸಕ್ಕರೆ ಮತ್ತೆ ಇಳಿಯಬಹುದು ಅಂತ ಒಬ್ಬ ಹುಡುಗನನ್ನು ಜೊತೆ ಮಾಡಿ ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದೆ. ಮಾತ್ರೆ ನುಂಗಿ, ಊಟ ಬಿಟ್ಟು, ಖಾಲಿ ಹೊಟ್ಟೆಗೆ ವಿಸ್ಕಿ ಕುಡಿದಿದ್ದರು. ಲಿವರ್ ಮದ್ಯ ಕರಗಿಸೋ ಕೆಲಸಕ್ಕೆ ನಿಂತರೆ ರಕ್ತಕ್ಕೆ ಸಕ್ಕರೆ ಬಿಡೋದನ್ನು ಕಡಿಮೆ ಮಾಡುತ್ತದೆ ಅಂತ ಅಲ್ಲಿನ ಡಾಕ್ಟರ್ ಹುಡುಗನಿಗೆ ಹೇಳಿದರಂತೆ. ಸಕ್ಕರೆ ಇಳಿದವರು ನೋಡೋಕೆ ಥೇಟ್ ಕುಡಿದವರ ಹಾಗೇ ಇರುತ್ತಾರೆ.

ಅವತ್ತಿನಿಂದ ಯಾರಾದರೂ ವಾಲಿದರೆ ನಾನು ಮೊದಲು ನೋಡೋದು ಬಿಲ್. ಅಷ್ಟು ಕುಡಿಯದೆ ಅಷ್ಟು ಬಿದ್ದಿದ್ದಾರೆ ಅಂದರೆ ಬೇರೆ ಏನೋ ಆಗಿದೆ. ಸಕ್ಕರೆ ಇರಬಹುದು, ನಿದ್ದೆ ಮಾತ್ರೆ ಇರಬಹುದು, ತಲೆಗೆ ಪೆಟ್ಟು ಬಿದ್ದಿರಬಹುದು, ಒಳಗೆ ಬರೋ ಮೊದಲೇ ವೈನ್ ಶಾಪ್ ಮುಂದೆ ನಿಂತು 180 ಎಂಎಲ್‌ನ ಒಂದು ಕ್ವಾರ್ಟರ್ ಮುಗಿಸಿರಲೂಬಹುದು.

ಇದರ ಉಲ್ಟಾನೂ ಇದೆ, ನನಗೆ ಅದೇ ಜಾಸ್ತಿ ಭಯ. ನೆಟ್ಟಗೆ ಕೂತು, ನೆಟ್ಟಗೆ ಮಾತಾಡಿ, ನೆಟ್ಟಗೆ ಬೈಕ್ ಹತ್ತುವವರು. ‘ನಂದು ಬರೀ ಬಿಯರ್ ಗುರು’ ಅನ್ನುವವರು. ಲೆಕ್ಕ ಹಾಕಿ ನೋಡಿ. ನಮ್ಮ ವಿಸ್ಕಿ, ರಮ್ ಬಾಟಲಿ ಮೇಲೆ 42.8 ಪರ್ಸೆಂಟ್ ಅಂತಿರುತ್ತದೆ. 30 ಎಂಎಲ್‌ನ ಒಂದು ಸ್ಮಾಲ್‌ನಲ್ಲಿ ಸುಮಾರು 10 ಗ್ರಾಂ ಮದ್ಯಸಾರ. 8 ಪರ್ಸೆಂಟ್ ಇರೋ 650 ಎಂಎಲ್ ಸ್ಟ್ರಾಂಗ್ ಬಿಯರ್‌ನಲ್ಲಿ ಸುಮಾರು 40 ಗ್ರಾಂ. ಅಂದರೆ ಒಂದು ಬಾಟಲಿ ನಾಲ್ಕು ಸ್ಮಾಲ್‌ಗೆ ಸಮ. ಮೂರು ಬಾಟಲಿ ಅಂದರೆ ಎರಡು ಕ್ವಾರ್ಟರ್! ಈ ಲೆಕ್ಕ ಹೇಳಿದಾಗ ನಮ್ಮ ಹಳೇ ಸಪ್ಲೈಯರ್ ಕೂಡ ನಂಬಲಿಲ್ಲ, ಕ್ಯಾಲ್ಕುಲೇಟರ್ ತಗೊಂಡ.

ಒಂದು ಸ್ಮಾಲ್ ಕರಗಿಸೋಕೆ ಲಿವರ್‌ಗೆ ಒಂದು ಗಂಟೆಯೋ, ಇನ್ನೂ ಸ್ವಲ್ಪ ಜಾಸ್ತಿಯೋ ಬೇಕು. ಮಜ್ಜಿಗೆ, ನಿಂಬೆಹುಳಿ, ಕಾಫಿ, ತಣ್ಣೀರು ಸ್ನಾನ ಯಾವುದೂ ಅದನ್ನು ಓಡಿಸೋದಿಲ್ಲ. ರಾತ್ರಿ ಹನ್ನೊಂದಕ್ಕೆ ಕ್ವಾರ್ಟರ್ ಮುಗಿಸಿ ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರಿಗೆ ಅಂತ ಹೈವೇ ಹತ್ತುವ ಡ್ರೈವರ್‌ಗಳಿದ್ದಾರೆ. ಮಲಗಿ ಎದ್ದಿದ್ದೇವೆ, ಇಳಿದಿದೆ ಅಂದುಕೊಳ್ಳುತ್ತಾರೆ. ಇಳಿದಿರೋದಿಲ್ಲ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಅರವತ್ತು ಕೆಜಿ ತೂಕದವರು ಖಾಲಿ ಹೊಟ್ಟೆಗೆ ಒಂದೇ ಒಂದು ಲಾರ್ಜ್, ಅಂದರೆ 60 ಎಂಎಲ್, ಬೇಗ ಹಾಕಿದರೂ ಅದನ್ನು ದಾಟಬಹುದು. ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ದಂಡದ ಮಾತಿಗೆ ಹೆದರೋರು ಅಪಘಾತದ ಮಾತಿಗೆ ಹೆದರೋದಿಲ್ಲ, ಅದು ಯಾಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈಗ ನಮ್ಮ ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಮೊದಲ ಪೆಗ್ ಜೊತೆಗೇ ‘ಊಟಕ್ಕೆ ಏನ್ ಹೇಳ್ಲಿ ಸರ್’ ಅಂತ ಕೇಳಬೇಕು. ಎಲ್ಲ ಮುಗಿದ ಮೇಲೆ ತಿಂದರೆ ಅಷ್ಟು ಪ್ರಯೋಜನ ಇಲ್ಲ. ಕೇಳದಿದ್ದರೂ ನೀರಿನ ಬಾಟಲಿ ಇಡಬೇಕು. ಯಾರಾದರೂ ಮಲಗಿಬಿಟ್ಟರೆ ಅಂಗಾತ ಬಿಡಬಾರದು, ಮಗ್ಗುಲಿಗೆ ತಿರುಗಿಸಬೇಕು. ವಾಂತಿ ಗಂಟಲಿಗೆ ಸಿಕ್ಕರೆ ಉಸಿರೇ ನಿಲ್ಲುತ್ತದೆ. ಅಲುಗಾಡಿಸಿದರೂ ಏಳುತ್ತಿಲ್ಲ, ಉಸಿರು ತೀರಾ ನಿಧಾನ ಆಗಿದೆ, ಮೈ ತಣ್ಣಗಿದೆ ಅಂದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್. ಮಾಲೀಕರನ್ನು ಕೇಳಿ ಮಾಡೋಣ ಅಂತ ಕಾಯೋದು ಬೇಡ ಅಂತಲೂ ಹೇಳಿದ್ದೇನೆ. ಮಾಲೀಕರಿಗೆ ಮೊದಲು ಸಿಟ್ಟು ಬಂತು, ಆಮೇಲೆ ಸುಮ್ಮನಾದರು.

ಬೈಕ್ ಬೀಗದ ಕೈ ಇಸ್ಕೊಳ್ಳೋದು ಮಾತ್ರ ಕಷ್ಟದ ಕೆಲಸ. ಕುಡಿದ ಮೇಲೆ ಕೇಳಿದರೆ ಜಗಳ ಗ್ಯಾರಂಟಿ. ಅದಕ್ಕೆ ಪರಿಚಯದ ಗಿರಾಕಿಗಳ ಹತ್ತಿರ ಬಂದ ಕೂಡಲೇ, ಮೊದಲ ಪೆಗ್‌ಗೂ ಮುಂಚೆ ಕೇಳುತ್ತೇನೆ. ಆಗ ನಗುತ್ತಾ ಕೊಡುತ್ತಾರೆ. ಗಲ್ಲಾ ಪಕ್ಕ ಒಂದು ಮೊಳೆ ಹೊಡೆದಿದ್ದೇವೆ. ನಿನ್ನೆ ರಾತ್ರಿ ಬಾಗಿಲು ಹಾಕುವಾಗ ಅದರಲ್ಲಿ ಮೂರು ಬೀಗದ ಕೈ ನೇತಾಡುತ್ತಿದ್ದವು. ಎರಡನ್ನು ಬೆಳಿಗ್ಗೆ ಬಂದು ಒಯ್ದರು. ಮೂರನೆಯವರು ಫೋನ್ ಮಾಡಿ, ಸಂಜೆ ಬರ್ತೀನಿ, ಅಲ್ಲೇ ಇರಲಿ ಅಂದರು.